ವಿಲನ್‌ ಬಿಡಿ, ಸುಮ್ನೆ ನಿಲ್ಲುವ ಆ ಸೊಸೆಯನ್ನು ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಸಂಜೆ ಆರೂವರೆಗೆ ಟಿವಿ ಹಾಕಿದರೆ ಆರಿಸುವುದು ಒಂಬತ್ತೂವರೆಗೆ. ಎಂಟನೇ ಕ್ಲಾಸಿನ ಮಗಳು ಅಜ್ಜಿಯ ಪಕ್ಕ ಕೂತು ಎಲ್ಲ ಸೀರಿಯಲ್ ನೋಡುತ್ತಾಳೆ. ದಿನಾ ಯಾರಿಗೋ ವಿಷ ಹಾಕುವುದು, ಫೈಲ್ ಕದಿಯುವುದು, ಮದುವೆ ಮುರಿಯುವುದು. ಇದನ್ನೆಲ್ಲ ನೋಡಿ ಅವಳು ಏನು ಕಲಿಯುತ್ತಾಳೋ ಅಂತ ನನಗೆ ಭಯ. ಅತ್ತೆಯವರು "ಕೊನೆಗೆ ಒಳ್ಳೆಯವರೇ ಗೆಲ್ತಾರೆ, ಸಂಸಾರ ಹೇಗಿರಬೇಕು ಅಂತ ತೋರಿಸ್ತಾರೆ, ನೋಡ್ಲಿ ಬಿಡು" ಅನ್ನುತ್ತಾರೆ. ನಮ್ಮಿಬ್ಬರಲ್ಲಿ ಯಾರು ಸರಿ? ಪೂರ್ತಿ ನಿಲ್ಲಿಸಿಬಿಡಲೇ? ಚಾನೆಲ್‌ನವರಿಗೆ ದೂರು ಕೊಡುವ ದಾರಿ ಏನಾದರೂ ಇದೆಯಾ? (ದಾವಣಗೆರೆಯ ಒಬ್ಬ ಓದುಗರು)

ಉತ್ತರ: ನಿಲ್ಲಿಸುವ ಮಾತು ಸದ್ಯಕ್ಕೆ ಬೇಡ. ನೀವು ಹೆದರಿರುವುದು ವಿಲನ್ ಮಾಡುವ ಕಿತಾಪತಿಗೆ. ನಿಮ್ಮ ಅತ್ತೆಯವರಿಗೆ ಸಮಾಧಾನ ಇರುವುದು ಅದೇ ವಿಲನ್‌ಗೆ ಕೊನೆಗೆ ಆಗುವ ಶಾಸ್ತಿಯಲ್ಲಿ. ಅಂದರೆ ಇಬ್ಬರ ಕಣ್ಣೂ ವಿಲನ್ ಮೇಲೇ ಇದೆ. ನಾನು ಕೆಲವು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದವನು, ಈಗ ಕಾಲೇಜಿನಲ್ಲಿ ಮಾಧ್ಯಮದ ಪಾಠ ಮಾಡುತ್ತೇನೆ. ನನ್ನನ್ನು ಕೇಳಿದರೆ ಮಕ್ಕಳು ವಿಲನ್‌ನಿಂದ ಕಲಿಯುವುದು ತೀರಾ ಕಡಿಮೆ. ನನಗೆ ಚಿಂತೆ ಇರುವುದು ಇನ್ನೊಬ್ಬಳ ಬಗ್ಗೆ. ಎಲ್ಲ ಗೊತ್ತಿದ್ದೂ, ಕಣ್ತುಂಬ ನೀರಿಟ್ಟುಕೊಂಡು, ಸುಮ್ನೆ ನಿಲ್ಲುವ ಆ ಒಳ್ಳೆಯ ಸೊಸೆ ಇದ್ದಾಳಲ್ಲ, ಅವಳ ಬಗ್ಗೆ.

ವಿಲನ್ ವಿಷಯ ಬೇಗ ಮುಗಿಸೋಣ. ನಮ್ಮ ಸೀರಿಯಲ್‌ಗಳಲ್ಲಿ ಕೆಟ್ಟವರು ಯಾರು ಅಂತ ಐದು ವರ್ಷದ ಮಗುವಿಗೂ ಗೊತ್ತಾಗುತ್ತದೆ. ದಪ್ಪ ಕಾಡಿಗೆ, ಹುಬ್ಬು ಹಾರಿಸುವುದು, ಮೂರು ಸಲ ಝೂಮ್, ಹಿಂದೆ ಗುಡುಗಿನ ಸದ್ದು. ಗೋಡೆಗೆ ಮುಖ ಮಾಡಿ ತನ್ನ ಪ್ಲಾನ್‌ ಅನ್ನು ತಾನೇ ಜೋರಾಗಿ ಹೇಳಿಕೊಳ್ಳುವವಳನ್ನು ನೋಡಿ ಮಕ್ಕಳು ನಗುತ್ತಾರೆ, ರೀಲ್ಸ್‌ನಲ್ಲಿ ಅಣಕ ಮಾಡುತ್ತಾರೆ. ಅವಳಂತೆ ಆಗಬೇಕು ಅಂತ ಯಾವ ಹುಡುಗಿಗೂ ಅನ್ನಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಅಮೆರಿಕದ ಜಾರ್ಜ್ ಗರ್ಬ್ನರ್ ಎಂಬ ಸಂಶೋಧಕರು 1960ರ ದಶಕದ ಕೊನೆಯಿಂದ ವರ್ಷಗಟ್ಟಲೆ ಟಿವಿಯ ಹಿಂಸೆಯನ್ನು ಲೆಕ್ಕ ಹಾಕುತ್ತಾ ಬಂದರು. ಜಾಸ್ತಿ ಟಿವಿ ನೋಡುವವರು ಹಿಂಸಾಪ್ರಿಯರಾಗುತ್ತಾರೆ ಅನ್ನುವುದಕ್ಕಿಂತ, ಲೋಕ ಇರುವುದಕ್ಕಿಂತ ಕೆಟ್ಟದಾಗಿದೆ, ಯಾರನ್ನೂ ನಂಬುವ ಹಾಗಿಲ್ಲ ಅಂತ ಭಾವಿಸುತ್ತಾರೆ ಅನ್ನುವುದು ಅವರ ವಾದ. ದಿನಾ ಮೂರು ಗಂಟೆ ಇಂಥದ್ದೇ ನೋಡಿದರೆ ನಾದಿನಿ ಅಂದರೆ ಹೀಗೆ, ಓರಗಿತ್ತಿ ಅಂದರೆ ಹಾಗೆ ಅನ್ನುವ ಗುಮಾನಿ ತಲೆಯಲ್ಲಿ ಕೂರಬಹುದು. ಅಷ್ಟರ ಮಟ್ಟಿಗೆ ನಿಮ್ಮ ಭಯ ಸರಿ.

ಈಗ ಆ ಸೊಸೆಗೆ ಬರೋಣ. ಅವಳು ಯಾಕೆ ಬಾಯಿ ಬಿಡುವುದಿಲ್ಲ ಗೊತ್ತಾ? ಅವಳ ಗುಣ ಅಂತ ನಾವು ಅಂದುಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ಅದು ನಮ್ಮ ಹೊಟ್ಟೆಪಾಡು.

ಅರ್ಧ ಗಂಟೆಯ ಸ್ಲಾಟ್, ಜಾಹೀರಾತು ಕಳೆದರೆ ಇಪ್ಪತ್ತು ಇಪ್ಪತ್ತೆರಡು ನಿಮಿಷದ ಕಥೆ, ವಾರಕ್ಕೆ ಐದೋ ಆರೋ ಸಂಚಿಕೆ. ಪ್ರತಿ ಸಂಚಿಕೆಯ ಕೊನೆಗೆ ನೋಡುವವರನ್ನು ನಾಳೆಗೆ ಕಟ್ಟಿಹಾಕುವ ಹುಕ್ ಬೇಕು. ನಾದಿನಿಯೇ ಒಡವೆ ಕದ್ದಿದ್ದಾಳೆ ಅಂತ ಸೊಸೆಗೆ ಸೋಮವಾರ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಅವಳು ಹಾಲ್‌ಗೆ ಬಂದು ಎಲ್ಲರೆದುರು ಹೇಳಿಬಿಟ್ಟರೆ ಮಂಗಳವಾರಕ್ಕೆ ಕಥೆ ಇಲ್ಲ! ಆ ಟ್ರ್ಯಾಕ್ ಮೂರು ವಾರ ನಡೆಯಬೇಕು ಅಂತ ಒನ್‌ಲೈನ್, ಅಂದರೆ ಕಥೆಯ ಚುಟುಕು ರೂಪ, ಮೊದಲೇ ಓಕೆ ಆಗಿರುತ್ತದೆ. ಹಾಗಾಗಿ ಸಂಭಾಷಣೆ ಬರೆಯುವವನ ದಿನನಿತ್ಯದ ಕೆಲಸ ಏನೆಂದರೆ, ಅವಳು ಯಾಕೆ ಹೇಳುವುದಿಲ್ಲ ಅನ್ನುವುದಕ್ಕೆ ಕಾರಣ ಹುಡುಕುವುದು. ಮೊದಲ ದಿನ ಬಾಯಿ ತೆರೆಯುವಷ್ಟರಲ್ಲಿ ಯಾರದೋ ಫೋನ್ ಬರುತ್ತದೆ. ಎರಡನೇ ದಿನ ಮಾವನಿಗೆ ಎದೆ ನೋವು. ಮೂರನೇ ದಿನಕ್ಕೆ ಇವೆಲ್ಲ ಖಾಲಿ. ಆಗ ಉಳಿಯುವುದು ಎಂದೂ ಖಾಲಿಯಾಗದ ಒಂದೇ ಕಾರಣ: ತ್ಯಾಗ. "ನಾನು ನಿಜ ಹೇಳಿದ್ರೆ ಈ ಮನೆ ಒಡೆದುಹೋಗುತ್ತೆ. ಕೆಟ್ಟ ಹೆಸರು ನನಗೇ ಬರ್ಲಿ." ಈ ಮಾತು ಬರೆದರೆ ಹದಿನೈದು ಸಂಚಿಕೆ ಆರಾಮಾಗಿ ಸಿಕ್ಕಂತೆ.

ಸೀನ್ ತೆಗೆಯುವ ರೀತಿ ಇದನ್ನು ಇನ್ನೂ ಗಟ್ಟಿ ಮಾಡುತ್ತದೆ. ಮಾಮೂಲಿ ಕಪಾಳಮೋಕ್ಷದ ಸೀನ್ ತೆಗೆದುಕೊಳ್ಳಿ. ಹಾಲ್‌ನಲ್ಲಿ ಮನೆಮಂದಿಯೆಲ್ಲ ನಿಂತಿದ್ದಾರೆ. ತಪ್ಪು ಮಾಡದ ಸೊಸೆಗೆ ಏಟು ಬೀಳುತ್ತದೆ. ಸದ್ದು ಮೂರು ಸಲ. ಆಮೇಲೆ ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಹೋಗುತ್ತದೆ. ಮಾವ ತಲೆ ತಗ್ಗಿಸುತ್ತಾರೆ, ಮೈದುನ ಮುಷ್ಟಿ ಬಿಗಿಯುತ್ತಾನೆ, ನಾದಿನಿ ತುಟಿಯಂಚಲ್ಲಿ ನಗುತ್ತಾಳೆ. ಎಲ್ಲ ಮುಗಿದ ಮೇಲೆ ಕ್ಯಾಮೆರಾ ಸೊಸೆಯ ಕಣ್ಣಿಗೆ ಬಂದು ನಿಲ್ಲುತ್ತದೆ. ಲೈಟ್ ಮೆತ್ತಗಾಗುತ್ತದೆ, ಕೊಳಲು ಶುರುವಾಗುತ್ತದೆ. ಇಡೀ ಸಂಚಿಕೆಯಲ್ಲಿ ಅವಳು ಅತ್ಯಂತ ಚೆಂದ ಕಾಣುವುದು ಆ ಹದಿನೈದು ಸೆಕೆಂಡಿನಲ್ಲಿ. ಹೊಡೆದವರು ಸರಿ ಅಂತ ಸೀರಿಯಲ್ ಎಲ್ಲೂ ಹೇಳುವುದಿಲ್ಲ. ಹಾಗೆ ಹೇಳುವ ಅಗತ್ಯವೂ ಇಲ್ಲ. ಏಟು ತಿಂದು ಸುಮ್ನಿರುವುದು ಎಷ್ಟು ಚೆಂದ ಅಂತ ಬೆಳಕು, ಕ್ಯಾಮೆರಾ, ಸಂಗೀತ ಸೇರಿ ಹೇಳಿಬಿಟ್ಟಿರುತ್ತವೆ. ನಿಮ್ಮ ಮಗಳಿಗೆ ನೀತಿ ಅಂತ ಏನಾದರೂ ತಲುಪುತ್ತಿದ್ದರೆ ಅದು ಅಲ್ಲಿಂದ. ಮಹಾಸಂಚಿಕೆಯಲ್ಲಿ ವಿಲನ್‌ಗೆ ಬೇಡಿ ಹಾಕುವಾಗ ಅಲ್ಲ.

ಇದು ಬರೀ ನನ್ನ ತಲೆಯಲ್ಲಿ ಹುಟ್ಟಿದ ಮಾತಲ್ಲ. ನಮ್ಮ ದೇಶದ ಧಾರಾವಾಹಿ ಚರಿತ್ರೆ ಶುರುವಾಗುವುದೇ ಇಂಥ ಒಂದು ಎಡವಟ್ಟಿನಿಂದ. ದೂರದರ್ಶನದ 'ಹಮ್ ಲೋಗ್' 1984ರ ಜುಲೈ 7ರಂದು ಶುರುವಾಯಿತು. ನಿಮ್ಮ ಅತ್ತೆಯವರ ವಯಸ್ಸಿನವರಿಗೆ ನೆನಪಿರಬಹುದು, ಸಂಚಿಕೆಯ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ಬಂದು ಎರಡು ಮಾತು ಹೇಳುತ್ತಿದ್ದರು. ಅದಕ್ಕೆ ಮಾದರಿ ಮೆಕ್ಸಿಕೋದ್ದು. ಅಲ್ಲಿ ಮಿಗೆಲ್ ಸಬಿಡೋ ಎಂಬವರು 1970ರ ದಶಕದಲ್ಲಿ ವಯಸ್ಕರ ಶಿಕ್ಷಣ, ಕುಟುಂಬ ಯೋಜನೆ ಇವನ್ನೆಲ್ಲ ಕಣ್ಣೀರಿನ ಕಥೆಯೊಳಗೆ ಇಟ್ಟು ಸೀರಿಯಲ್ ಮಾಡಿದ್ದರು. ಅವರ ಲೆಕ್ಕದಲ್ಲಿ ಮೂರು ಥರದ ಪಾತ್ರ ಬೇಕು. ಒಬ್ಬರು ಪೂರ್ತಿ ಒಳ್ಳೆಯವರು, ಒಬ್ಬರು ಪೂರ್ತಿ ಕೆಟ್ಟವರು, ಮತ್ತೊಬ್ಬರು ಇಬ್ಬರ ನಡುವೆ ತೂಗಾಡುವವರು. ನೋಡುವವರು ಕಲಿಯುವುದು ಈ ಮೂರನೆಯವರಿಂದ, ಯಾಕೆಂದರೆ ನಾವೆಲ್ಲ ಇರುವುದೇ ಹಾಗೆ.

'ಹಮ್ ಲೋಗ್'ನಲ್ಲಿ ಮನೆಯ ತಾಯಿ ಭಾಗವಂತಿ. ಗಂಡ ಬಸೇಸರ್ ರಾಮ್ ಕುಡುಕ. ಅವಳು ಬೈಸಿಕೊಳ್ಳುತ್ತಾಳೆ, ದುಡಿಯುತ್ತಾಳೆ, ಸಹಿಸುತ್ತಾಳೆ. ಮಾಡಿದವರ ಉದ್ದೇಶ ಏನಿತ್ತೆಂದರೆ, ಅವಳ ಪಾಡು ನೋಡಿ ಹೆಂಗಸರು "ಹೀಗೆ ಬದುಕಬಾರದು" ಅಂದುಕೊಳ್ಳಬೇಕು. ಆಮೇಲೆ ಅರವಿಂದ್ ಸಿಂಘಲ್ ಮತ್ತು ಎವರೆಟ್ ರೋಜರ್ಸ್ ಎಂಬ ಇಬ್ಬರು ಸಂಶೋಧಕರು ಪ್ರೇಕ್ಷಕರನ್ನೇ ಕೇಳಿ ನೋಡಿದರು. ಎಷ್ಟೋ ಹೆಂಗಸರಿಗೆ ಭಾಗವಂತಿಯೇ ಆದರ್ಶ! ಎಚ್ಚರಿಕೆಗೆ ಅಂತ ತಂದ ಪಾತ್ರ ಪೂಜೆಗೆ ಹೋಯಿತು. ಪ್ರತಿ ಸಂಚಿಕೆಯ ಕೊನೆಗೆ ಅಶೋಕ್ ಕುಮಾರ್‌ರಂಥ ನಟ ಬಂದು ಬಿಡಿಸಿ ಹೇಳಿದರೂ ಹೀಗಾಯಿತು ಅನ್ನುವುದು ಗಮನಿಸಬೇಕಾದ ವಿಷಯ. ಉಪದೇಶ ಒಂದು ಕಡೆ, ಕಣ್ಣೀರು ಇನ್ನೊಂದು ಕಡೆ ಎಳೆದರೆ ಗೆಲ್ಲುವುದು ಕಣ್ಣೀರೇ.

ಅಮೆರಿಕದಲ್ಲೂ ಇದೇ ಕಥೆ. 1971ರಲ್ಲಿ ಶುರುವಾದ 'ಆಲ್ ಇನ್ ದ ಫ್ಯಾಮಿಲಿ' ಎಂಬ ಹಾಸ್ಯ ಧಾರಾವಾಹಿಯಲ್ಲಿ ಆರ್ಚಿ ಬಂಕರ್ ಅಂತ ಒಬ್ಬ ಯಜಮಾನ. ಕರಿಯರನ್ನು, ಹೊರಗಿನವರನ್ನು ಕಂಡರೆ ಆಗದವನು. ಅವನನ್ನು ನೋಡಿ ಜನ ನಗಲಿ, ನಕ್ಕು ನಾಚಲಿ ಅನ್ನುವುದು ಬರೆದವರ ಆಸೆ. 1974ರಲ್ಲಿ ವಿಡ್ಮಾರ್ ಮತ್ತು ರೋಕೀಚ್ ಎಂಬವರು ಪರೀಕ್ಷಿಸಿದಾಗ, ಮೊದಲೇ ಅಂಥ ಪೂರ್ವಗ್ರಹ ಇದ್ದವರಿಗೆ ಆರ್ಚಿ ಹಾಸ್ಯದ ವಸ್ತುವಾಗಿ ಕಂಡಿರಲಿಲ್ಲ. ಅವನು ನಮ್ಮ ಮನಸ್ಸಿನ ಮಾತು ಆಡುವ ನೇರ ಮನುಷ್ಯ ಅಂತ ಅವರಿಗೆ ಅನ್ನಿಸಿತ್ತು.

ಹಾಗಾದರೆ ಸೀರಿಯಲ್‌ನಿಂದ ಒಳ್ಳೆಯದು ಆಗುವುದೇ ಇಲ್ಲವಾ? ಆಗುತ್ತದೆ, ಆದರೆ ಯಾರೂ ಪ್ಲಾನ್ ಮಾಡದ ಜಾಗದಲ್ಲಿ ಆಗುತ್ತದೆ. ರಾಬರ್ಟ್ ಜೆನ್ಸನ್, ಎಮಿಲಿ ಆಸ್ಟರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2001ರಿಂದ 2003ರವರೆಗೆ ನಮ್ಮ ದೇಶದ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಬಿಹಾರ, ಗೋವಾ, ಹರಿಯಾಣ, ತಮಿಳುನಾಡು, ದೆಹಲಿಯ ಹಳ್ಳಿಗಳು ಅವು, ಕರ್ನಾಟಕ ಅದರಲ್ಲಿಲ್ಲ. ಕೇಬಲ್ ಬಂದ ಹಳ್ಳಿಯ ಹೆಂಗಸರನ್ನೂ ಬರದ ಹಳ್ಳಿಯ ಹೆಂಗಸರನ್ನೂ ಹೋಲಿಸಿ ನೋಡಿದರು. ಕೇಬಲ್ ಬಂದ ಕಡೆ, "ಗಂಡ ಹೊಡೆದರೆ ತಪ್ಪೇನಿಲ್ಲ" ಅನ್ನುವವರು ಕಡಿಮೆಯಾಗಿದ್ದರು. ಗಂಡು ಮಗುವೇ ಬೇಕು ಅನ್ನುವುದೂ ಇಳಿದಿತ್ತು. ಆಗ ಟಿವಿಯಲ್ಲಿ ಅಬ್ಬರಿಸುತ್ತಿದ್ದದ್ದು ಏನು ಹೇಳಿ? ಅತ್ತೆ–ಸೊಸೆ ಸೀರಿಯಲ್‌ಗಳು! ಅವು ಸ್ತ್ರೀ ಸ್ವಾತಂತ್ರ್ಯ ಸಾರುತ್ತಿದ್ದವು ಅಂತ ಯಾರೂ ಹೇಳಲಾರರು.

ಬ್ರೆಜಿಲ್‌ನಲ್ಲೂ ಹೀಗೇ. ರೆಡೆ ಗ್ಲೋಬೋ ಎಂಬ ಚಾನೆಲ್‌ನ ಧಾರಾವಾಹಿಗಳು ದೇಶದ ಬೇರೆ ಬೇರೆ ಊರಿಗೆ ಬೇರೆ ಬೇರೆ ವರ್ಷ ತಲುಪಿದವು. 2012ರಲ್ಲಿ ಬಂದ ಅಧ್ಯಯನವೊಂದು ಅದನ್ನು ಹೆರಿಗೆಗಳ ಲೆಕ್ಕದ ಜೊತೆ ಇಟ್ಟು ನೋಡಿತು. ಸೀರಿಯಲ್ ತಲುಪಿದ ಊರುಗಳಲ್ಲಿ ಹೆಂಗಸರಿಗೆ ಹುಟ್ಟುವ ಮಕ್ಕಳ ಸಂಖ್ಯೆ ಕಡಿಮೆಯಾಗಿತ್ತು, ಅದೂ ಬಡವರ ಮನೆಗಳಲ್ಲಿ ಜಾಸ್ತಿ. ಆ ಕಥೆಗಳಲ್ಲಿ ಕುಟುಂಬ ಯೋಜನೆಯ ಮಾತೇ ಇರಲಿಲ್ಲ. ಐವತ್ತು ವರ್ಷದೊಳಗಿನ ಮುಖ್ಯ ಸ್ತ್ರೀ ಪಾತ್ರಗಳಲ್ಲಿ ಶೇ. 72ರಷ್ಟು ಮಂದಿಗೆ ಮಕ್ಕಳೇ ಇರಲಿಲ್ಲ, ಶೇ. 21ರಷ್ಟು ಮಂದಿಗೆ ಒಂದೇ ಮಗು. ಕಾರಣ ಬಹುಶಃ ಬಹಳ ಸಾದಾ: ಮಕ್ಕಳು ಜಾಸ್ತಿಯಾದರೆ ನಟರೂ ಜಾಸ್ತಿ, ಖರ್ಚೂ ಜಾಸ್ತಿ, ನಾಯಕಿಗೆ ಪ್ರೇಮಕ್ಕೆ ಬಿಡುವೂ ಇಲ್ಲ. ನಮ್ಮ ಸೊಸೆಯ ಮೌನ ಇದ್ದ ಹಾಗೆಯೇ. ಕಥೆಯ ಅನುಕೂಲಕ್ಕೆ ಮಾಡಿದ್ದು ನೋಡುವವರಿಗೆ ಜೀವನ ಕ್ರಮವಾಗಿ ಕಂಡಿತು.

ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಮಗಳ ವಿಷಯ ಸ್ವಲ್ಪ ತಿಳಿಯಾಗುತ್ತದೆ. ಹಳ್ಳಿಯ ಹೆಂಗಸು ಸೀರಿಯಲ್‌ನ ಸೊಸೆಯ ಮಾತನ್ನು ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ, ಅವಳ ಸುತ್ತಲಿನ ಬದುಕನ್ನಂತೂ ನೋಡಿದಳು. ಆ ಸೊಸೆ ಯಾರನ್ನೂ ಕೇಳದೆ ಪೇಟೆಗೆ ಹೋಗುತ್ತಾಳೆ, ಕಾರು ಓಡಿಸುತ್ತಾಳೆ, ಅವಳ ಹತ್ತಿರ ದುಡ್ಡಿರುತ್ತದೆ. ಹೀಗೂ ಹೆಂಗಸರಿರುತ್ತಾರೆ, ಅದನ್ನು ಯಾರೂ ದೊಡ್ಡ ವಿಷಯ ಮಾಡುವುದಿಲ್ಲ ಅಂತ ಗೊತ್ತಾಯಿತು. ಸೀರಿಯಲ್ ಮನುಷ್ಯರ ನಂಬಿಕೆಯನ್ನು ಬದಲಿಸುವುದಕ್ಕಿಂತ ಬೇಗ, ನಾಲ್ಕು ಜನ ಯಾವುದನ್ನು ಒಪ್ಪುತ್ತಾರೆ ಅನ್ನುವ ನಮ್ಮ ಅಂದಾಜನ್ನು ಬದಲಿಸುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಟಿವಿಯದ್ದಲ್ಲ, ರೇಡಿಯೋದ್ದು. ರುವಾಂಡಾದಲ್ಲಿ 1994ರ ನರಮೇಧ ಆಗಿ ಹತ್ತು ವರ್ಷದ ಮೇಲೆ, ಎರಡು ಹಳ್ಳಿಗಳ ಜಗಳ, ರಾಜಿ ಕುರಿತ ರೇಡಿಯೋ ನಾಟಕವೊಂದು ಶುರುವಾಯಿತು, ಹೆಸರು 'ಮುಸೆಕೆವೆಯಾ'. ಎಲಿಜಬೆತ್ ಲೆವಿ ಪಾಲಕ್ ಎಂಬ ಸಂಶೋಧಕಿ ಕೆಲವು ಗುಂಪುಗಳಿಗೆ ಒಂದು ವರ್ಷ ಇದನ್ನು ಕೇಳಿಸಿದರು, ಇನ್ನು ಕೆಲವಕ್ಕೆ ಆರೋಗ್ಯದ ಬೇರೊಂದು ನಾಟಕ ಕೇಳಿಸಿದರು. ಜನರ ಸ್ವಂತ ನಂಬಿಕೆಗಳು ಹೆಚ್ಚೇನೂ ಬದಲಾಗಲಿಲ್ಲ. ಸಮಾಜದಲ್ಲಿ ಏನು ನಡೆಯುತ್ತದೆ, ಏನನ್ನು ಜನ ಒಪ್ಪುತ್ತಾರೆ ಅನ್ನುವ ಅಂದಾಜು ಬದಲಾಯಿತು. ಕೊನೆಗೆ ಪ್ರತಿ ಗುಂಪಿಗೂ ಒಂದು ರೇಡಿಯೋ, ಕ್ಯಾಸೆಟ್‌ಗಳು ಕೊಟ್ಟು, ಇದನ್ನು ಹೇಗೆ ಹಂಚಿಕೊಳ್ಳುತ್ತೀರೋ ನೀವೇ ಮಾತಾಡಿಕೊಳ್ಳಿ ಅಂದರು. ಆರೋಗ್ಯದ ನಾಟಕ ಕೇಳಿದವರಲ್ಲಿ ಯಾರೋ ಒಬ್ಬರು "ಊರಿನ ಮುಖಂಡರ ಹತ್ತಿರ ಇರಲಿ" ಅಂದರು, ಉಳಿದವರು ಹ್ಞೂಂ ಅಂದರು, ಮುಗಿಯಿತು. ರಾಜಿಯ ನಾಟಕ ಕೇಳಿದವರಲ್ಲಿ ಹಾಗಾಗಲಿಲ್ಲ. "ಯಾಕೆ ಅವರ ಹತ್ತಿರ? ನಾವೇ ಇಟ್ಟುಕೊಳ್ಳೋಣ" ಅಂತ ಎದ್ದು ಮಾತಾಡಿದರು, ವಾದ ಮಾಡಿದರು. ಮುಖಂಡರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಒಮ್ಮೆ ದೇಶವೇ ಹೊತ್ತಿ ಉರಿದಿದ್ದ ಜಾಗದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ನಾಟಕ ಕಲಿಸಿದ್ದು ಎದ್ದು ಮಾತಾಡಬಹುದು ಅನ್ನುವುದನ್ನು. ನಮ್ಮ ಪ್ರೈಮ್ ಟೈಮ್ ಹೆಚ್ಚಾಗಿ ಕಲಿಸುತ್ತಿರುವುದು ಇದರ ಉಲ್ಟಾ, ಅದಕ್ಕೇ ನಾನು ಆ ಸೊಸೆಯ ಹಿಂದೆ ಬಿದ್ದಿರುವುದು.

ಕನ್ನಡದಲ್ಲಿ ಒಂದು ಧಾರಾವಾಹಿ ಮನೆಯ ಹಾಲ್ ದಾಟಿ ಬೀದಿಗೆ ಬಂದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. 2020ರ ಲಾಕ್‌ಡೌನ್ ಸಮಯದಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರ್ ಜೀವನದ 'ಮಹಾನಾಯಕ' ಬಂತು, ಹಿಂದಿಯಿಂದ ಡಬ್ ಆದದ್ದು. ಅಷ್ಟು ವರ್ಷ ಕನ್ನಡದಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಅಂತ ಜಗಳವಾಡಿದ್ದ ನಾಡಿದು. ಆ ಸೀರಿಯಲ್ ಬರುತ್ತಿದೆ ಅಂತ ಊರೂರಿನಲ್ಲಿ ಹುಡುಗರು ತಾವೇ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದರು. ಸಿನಿಮಾ ಸ್ಟಾರ್‌ಗೆ, ರಾಜಕಾರಣಿಗೆ ಫ್ಲೆಕ್ಸ್ ಹಾಕುವುದು ನೋಡಿದ್ದೆವು, ಧಾರಾವಾಹಿಗೆ ನೋಡಿರಲಿಲ್ಲ. ಕ್ಲಾಸಿನಿಂದ ದೂರ ಕೂರಿಸಿದ, ನೀರಿನ ಮಡಕೆ ಮುಟ್ಟಲು ಬಿಡದ ಬಾಲಕ ಭೀಮನನ್ನು ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡಿದರು. ಆ ಬಾಲಕ ಪ್ರಶ್ನೆ ಕೇಳುತ್ತಾನೆ, "ಯಾಕೆ?" ಅನ್ನುತ್ತಾನೆ, ಅದು ಹಿರಿಯರಿಗೆ ಅಗೌರವ ಅಂತ ಕ್ಯಾಮೆರಾ ಹೇಳುವುದಿಲ್ಲ. ಆ ಧಾರಾವಾಹಿಯ ನಟನೆ, ಸೆಟ್ಟು ಇವುಗಳ ಬಗ್ಗೆ ನನಗೆ ತಕರಾರುಗಳಿವೆ, ಅದು ಬೇರೆ ಮಾತು. ಜಾತಿಯ ಬಗ್ಗೆ ಬಾಯಿ ಬಿಡದ ಮನೆಗಳ ಹಾಲ್‌ಗೂ ಆ ಮಾತು ಬಂತಲ್ಲ, ಅದು ಮುಖ್ಯ.

ಇಷ್ಟೆಲ್ಲ ಮಾಡಲು ಸಾಧ್ಯವಿದ್ದರೆ ಎಲ್ಲರೂ ಒಳ್ಳೆಯದನ್ನೇ ಯಾಕೆ ಮಾಡುವುದಿಲ್ಲ ಅಂತ ಕೇಳಬಹುದು. ಗುರುವಾರ ಅಂತ ಒಂದು ದಿನ ಇದೆ. ವಾರದ ಟಿಆರ್‌ಪಿ ಬರುವ ದಿನ. ನಂಬರ್ ಬಿದ್ದರೆ ಅವತ್ತೇ ಮೀಟಿಂಗ್, ಮಾರನೇ ದಿನ ಟ್ರ್ಯಾಕ್ ಬದಲು. 'ಹಮ್ ಲೋಗ್' ಕೂಡ ಮೊದಲ ಹದಿಮೂರು ಸಂಚಿಕೆ ಕುಟುಂಬ ಯೋಜನೆಯ ಪಾಠವನ್ನು ಸ್ವಲ್ಪ ಜಾಸ್ತಿಯೇ ಮಾಡಿತು, ಜನ ಬೇಸತ್ತರು, ಆಮೇಲೆ ಪಾಠ ಇಳಿಸಿ ಮನೆಯ ಕಥೆ ಏರಿಸಿದರು. ನಮ್ಮ 'ಪುಟ್ಟಗೌರಿ ಮದುವೆ' ನೆನಪಿದೆ ಅಲ್ವಾ? ಹಿಂದಿಯ 'ಬಾಲಿಕಾ ವಧು' ಕಥೆಯದು, ಬಾಲ್ಯವಿವಾಹದ ಬಗ್ಗೆ ಅಂತ ಶುರುವಾದದ್ದು. ಆಮೇಲೆ ಗೌರಿ ಬೆಟ್ಟದಿಂದ ಬಿದ್ದು ಕಾಡಿನಲ್ಲಿ ಅಲೆದು ಟ್ರೋಲ್ ಆಗುವಷ್ಟರಲ್ಲಿ ಬಾಲ್ಯವಿವಾಹದ ಪ್ರಶ್ನೆ ಎಲ್ಲೋ ಕಳೆದುಹೋಗಿತ್ತು. ಇನ್ನೊಂದು ತೊಡಕೂ ಇತ್ತು ಅದರಲ್ಲಿ. ಲಂಗ, ಜಡೆ, ಬಳೆ ಹಾಕಿಕೊಂಡ ಆ ಪುಟ್ಟ ಸೊಸೆ ಎಷ್ಟು ಮುದ್ದಾಗಿದ್ದಳೆಂದರೆ, ಬಾಲ್ಯವಿವಾಹ ತಪ್ಪು ಅನ್ನುವುದಕ್ಕಿಂತ ಆ ಮುದ್ದೇ ಮನಸ್ಸಿನಲ್ಲಿ ಉಳಿಯಿತು. ಮತ್ತೆ ಅದೇ ಭಾಗವಂತಿ ಕಥೆ.

ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕಾಲ ನೆನೆದು "ಆಗ ಎಷ್ಟು ಚೆನ್ನಾಗಿತ್ತು" ಅನ್ನುವವರು ತುಂಬಾ ಜನ. 1998ರ 'ಮಾಯಾಮೃಗ' ನೋಡಿ ಬೆಳೆದ ಪೀಳಿಗೆಯ ಮಾತು ಅದು. ನಾನೂ ಆ ಪೈಕಿ. ಅವರ ಕಥೆಗಳ ಕೋರ್ಟ್ ಸೀನ್‌ಗಳಲ್ಲಿ ಎರಡೂ ಕಡೆಯವರು ವಾದ ಮಾಡುತ್ತಾರೆ, ಎರಡೂ ಕಡೆ ಸ್ವಲ್ಪ ಸ್ವಲ್ಪ ನ್ಯಾಯ ಇರುತ್ತದೆ, ನೋಡುವವರು ಊಟದ ಹೊತ್ತಿಗೂ ತಮ್ಮಲ್ಲೇ ವಾದ ಮುಂದುವರಿಸುತ್ತಿದ್ದರು. ಆದರೆ ಬರೀ ಹಳೆಯದನ್ನೇ ಹೊಗಳುತ್ತಾ ಕೂತರೆ ಈಗ ಆಗುತ್ತಿರುವುದು ಕಾಣುವುದಿಲ್ಲ.

2021ರ ಡಿಸೆಂಬರ್‌ನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ನೋಡಿ. ಮೂರೂ ಹೆಣ್ಣೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮಕ್ಕಳನ್ನು ಓದಿಸುತ್ತಾಳೆ. ಉಮಾಶ್ರೀಯವರ ಪುಟ್ಟಕ್ಕ ಅಳುವುದೇನೂ ಕಡಿಮೆಯಿಲ್ಲ, ಆದರೆ ಅವಳ ಕೈಯಲ್ಲಿ ಸೌಟು ಇದೆ, ಗಲ್ಲಾಪೆಟ್ಟಿಗೆ ಇದೆ. ಮೆಸ್‌ನಲ್ಲಿ ಬಡಿಸುತ್ತಾ, ದುಡ್ಡೆಣಿಸುತ್ತಾ ಇರುವ ಹೆಂಗಸನ್ನು ದಿನಾ ನೋಡುವುದೇ ಒಂದು ಪಾಠ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2022ರಲ್ಲಿ ಬಂದ 'ಭಾಗ್ಯಲಕ್ಷ್ಮಿ'ಯಲ್ಲಿ ಭಾಗ್ಯ ಶುರುವಿನಲ್ಲಿ ಅದೇ ಹಳೆಯ ಅಚ್ಚಿನ ಸೊಸೆ: ಎಲ್ಲರಿಗೂ ಮಾಡಿ ಹಾಕುತ್ತಾಳೆ, ಗಂಡ ತಾಂಡವ್‌ನಿಂದ ಬೈಸಿಕೊಳ್ಳುತ್ತಾಳೆ. ಆಮೇಲೆ ಮಗಳು ಓದುವ ವಯಸ್ಸಿನಲ್ಲಿ ತಾನೂ ಹತ್ತನೇ ಕ್ಲಾಸ್ ಓದಲು ಹೊರಡುತ್ತಾಳೆ. ಅತ್ತೆ ಕುಸುಮಾ ಸ್ವಂತ ಮಗನ ವಿರುದ್ಧ ಸೊಸೆಯ ಪಕ್ಕ ನಿಲ್ಲುತ್ತಾಳೆ. ನನಗೆ ಆ ಕಥೆಯಲ್ಲಿ ಎಲ್ಲರಿಗಿಂತ ಮುಖ್ಯ ಅನ್ನಿಸಿದ್ದು ಆ ಅತ್ತೆಯೇ. ಸಬಿಡೋ ಹೇಳಿದ ಮೂರನೇ ಥರದ ಪಾತ್ರ ಅಂದರೆ ಇದು: ಶಿಸ್ತು, ಗದರಿಕೆ ಎಲ್ಲ ಇಟ್ಟುಕೊಂಡೇ, ಮಗ ಮಾಡಿದ್ದು ತಪ್ಪು ಅಂತ ನಾಲ್ಕು ಜನರೆದುರು ಹೇಳುವ ಹಿರಿಯಳು. ಈ ಎರಡು ಕಥೆಗಳೂ ಎಳೆದಾಡಿವೆ, ವಿಷ, ಕಿಡ್ನಾಪ್ ಥರದ್ದೆಲ್ಲ ಇವುಗಳಲ್ಲೂ ಬಂದು ಹೋಗುತ್ತವೆ, ಗುರುವಾರ ಯಾರನ್ನೂ ಬಿಟ್ಟಿಲ್ಲ. ಆದರೂ ಇಂಥ ಕಥೆಯನ್ನು ಜನ ಮುಗಿಬಿದ್ದು ನೋಡಿದರು, ಅಂದರೆ ಸಹಿಸಿ ಸಾಕಾಗಿದೆ ಅಂತ ನೋಡುವವರಿಗೂ ಅನ್ನಿಸಿರಬೇಕು. ಸೀರಿಯಲ್ ಸಮಾಜವನ್ನು ತಿದ್ದುತ್ತದಾ, ಸಮಾಜ ಸೀರಿಯಲ್‌ನ್ನು ತಿದ್ದುತ್ತದಾ ಅಂತ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಆ ಗುರುವಾರದ ಮೂಲಕ ಎರಡೂ ನಡೆಯುತ್ತದೆ.

ಇನ್ನು ಮನೆಯಲ್ಲಿ ಏನು ಮಾಡಬೇಕು ಅನ್ನುವುದು. ಮಗಳನ್ನು ಟಿವಿ ಮುಂದಿನಿಂದ ಎಬ್ಬಿಸಿದರೆ ಅವಳು ಫೋನ್‌ನಲ್ಲಿ ಅದೇ ಸೀರಿಯಲ್‌ನ ತುಣುಕು ನೋಡುತ್ತಾಳೆ, ಒಬ್ಬಳೇ. ಈಗ ಕನಿಷ್ಠ ಅಜ್ಜಿ ಪಕ್ಕದಲ್ಲಿದ್ದಾರೆ. ಅದನ್ನು ಕಳೆದುಕೊಳ್ಳಬೇಡಿ. ಮೂರು ಗಂಟೆ ಜಾಸ್ತಿಯಾಯಿತು ಅನ್ನುವುದು ನಿಜ. ಎರಡು ಸೀರಿಯಲ್ ಆರಿಸಿಕೊಳ್ಳಲು ಅವಳಿಗೇ ಹೇಳಿ, ಉಳಿದದ್ದು ಓದಿಗೆ, ಆಟಕ್ಕೆ. ಆರಿಸುವಾಗ ಯಾಕೆ ಇದು, ಯಾಕೆ ಅದಲ್ಲ ಅಂತ ಅವಳು ಹೇಳಬೇಕಾಗುತ್ತದೆ, ಅರ್ಧ ಕೆಲಸ ಅಲ್ಲೇ ಆಯಿತು.

ವಾರಕ್ಕೆ ಒಂದೆರಡು ದಿನ ನೀವೂ ಕೂತುಕೊಳ್ಳಿ. ಆದರೆ ಸೀರಿಯಲ್ ನಡೆಯುವಾಗ ಪಾಠ ಮಾಡಬೇಡಿ, ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿ ನಿಮ್ಮನ್ನೇ ಎಬ್ಬಿಸಿಯಾರು. ಜಾಹೀರಾತು ಬಂದಾಗ ಸುಮ್ನೆ ಒಂದು ಮಾತು ಕೇಳಿ: "ಅಲ್ಲ, ಇವಳು ಗಂಡನಿಗೆ ಈಗಲೇ ಹೇಳಿಬಿಟ್ರೆ ಏನಾಗುತ್ತೆ?" ಮಕ್ಕಳು ಈ ಪ್ರಶ್ನೆಗೆ ತಕ್ಷಣ ಉತ್ತರ ಕೊಡುತ್ತಾರೆ. ಬಹಳಷ್ಟು ಸಲ ಬರುವ ಉತ್ತರ "ಹೇಳಿದ್ರೆ ಸೀರಿಯಲ್ಲೇ ಮುಗಿದುಹೋಗುತ್ತಲ್ಲಮ್ಮ" ಅಂತ. ಇದನ್ನು ಕಂಡುಕೊಂಡ ಹುಡುಗಿಗೆ ಆ ಮೌನ ಇನ್ನು ತ್ಯಾಗವಾಗಿ ಕಾಣುವುದು ಕಷ್ಟ. ಇನ್ನೊಂದು ದಿನ ಸ್ವಲ್ಪ ಮುಂದೆ ಹೋಗಿ, ನಿನ್ನ ಕ್ಲಾಸಿನಲ್ಲಿ ಯಾರಾದರೂ ನಿನ್ನ ಮೇಲೆ ಸುಳ್ಳು ಆರೋಪ ಹಾಕಿದರೆ ಯಾರಿಗೆ ಹೇಳುತ್ತೀಯ ಅಂತ ಕೇಳಿ. ಅವಳು ತಡವರಿಸಿದರೆ ಗಮನಿಸಿ. ನಿಮಗೆ ಚಿಂತೆ ಬೇಕಿದ್ದರೆ ಅದು ಅಲ್ಲಿರಬೇಕು, ಸೀರಿಯಲ್‌ನ ವಿಷದ ಬಾಟಲಿಯಲ್ಲಿ ಅಲ್ಲ.

ಅತ್ತೆಯವರನ್ನು ಎದುರು ಪಕ್ಷ ಮಾಡಿಕೊಳ್ಳಬೇಡಿ. "ಸಂಸಾರ ಹೇಗಿರಬೇಕು ಅಂತ ತೋರಿಸ್ತಾರೆ" ಅಂತ ಅವರು ಹೇಳಿದ್ದಾರಲ್ಲ, ಅದನ್ನೇ ಹಿಡಿದುಕೊಂಡು, ನಿಮ್ಮ ಕಾಲದಲ್ಲಿ ಹೀಗಾದಾಗ ನೀವೇನು ಮಾಡಿದಿರಿ ಅಂತ ಮಗಳ ಎದುರೇ ಕೇಳಿ. ಆ ವಯಸ್ಸಿನ ಹೆಂಗಸರ ಹತ್ತಿರ ಸೀರಿಯಲ್‌ಗಿಂತ ಗಟ್ಟಿ ಕಥೆಗಳಿರುತ್ತವೆ. ಎಲ್ಲಿ ಸಹಿಸಿದರು, ಎಲ್ಲಿ ತಿರುಗಿ ನಿಂತರು, ಯಾವುದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ ಅಂತ ಅವರ ಬಾಯಲ್ಲೇ ಬಂದರೆ ಮೊಮ್ಮಗಳಿಗೆ ಸಹನೆ ಅಂದರೆ ಕೊಳಲು ಸಂಗೀತ ಅಲ್ಲ ಅಂತ ತಿಳಿಯುತ್ತದೆ.

ದೂರಿನ ವಿಷಯ. ನಿಜಕ್ಕೂ ಆಕ್ಷೇಪಾರ್ಹ ಅನ್ನಿಸಿದ್ದು ಬಂದರೆ, ಉದಾಹರಣೆಗೆ ಹೆಂಡತಿಗೆ ಹೊಡೆಯುವುದನ್ನು ಪ್ರೀತಿ ಅಂತ ತೋರಿಸಿದರೆ, ಸುಮ್ನೆ ಬೈದುಕೊಳ್ಳುವುದರ ಬದಲು ಬರೆದು ಕಳಿಸಿ. ಚಾನೆಲ್‌ಗಳಲ್ಲಿ ಆಗಾಗ ಕೆಳಗೆ ಒಂದು ಸಾಲು ಓಡುತ್ತದೆ, ದೂರಿದ್ದರೆ ಇಲ್ಲಿಗೆ ತಿಳಿಸಿ ಅಂತ. 2021ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ಮಾಡಿದ ತಿದ್ದುಪಡಿ ಪ್ರಕಾರ ದೂರಿಗೆ ಚಾನೆಲ್ ಹದಿನೈದು ದಿನದೊಳಗೆ ಉತ್ತರ ಕೊಡಬೇಕು. ಅದು ಸರಿಯೆನಿಸದಿದ್ದರೆ ಪ್ರಸಾರಕರೇ ಮಾಡಿಕೊಂಡಿರುವ ಸ್ವನಿಯಂತ್ರಣ ಸಂಸ್ಥೆಗೆ ಹೋಗಬಹುದು. ಮನರಂಜನಾ ಚಾನೆಲ್‌ಗಳಿಗೆ 2011ರಿಂದ ಬಿಸಿಸಿಸಿ (ಬ್ರಾಡ್‌ಕಾಸ್ಟಿಂಗ್ ಕಂಟೆಂಟ್ ಕಂಪ್ಲೇಂಟ್ಸ್ ಕೌನ್ಸಿಲ್) ಎಂಬ ಮಂಡಳಿ ಇದೆ. ಸಂಚಿಕೆಯ ದಿನಾಂಕ, ಸಮಯ, ಸೀನ್ ಏನು ಅಂತ ಸ್ಪಷ್ಟವಾಗಿ ಬರೆಯಿರಿ. "ಸೀರಿಯಲ್‌ಗಳು ಸಮಾಜ ಹಾಳು ಮಾಡುತ್ತಿವೆ" ಅಂತ ಬರೆದರೆ ಅದು ಫೈಲ್ ಸೇರುತ್ತದೆ ಅಷ್ಟೇ.

ಕೊನೆಗೆ, ಮಗಳಿಗೆ ಬೇರೆ ಏನಾದರೂ ತೋರಿಸಬೇಕು ಅನ್ನಿಸಿದರೆ ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್'ನಿಂದ ಶುರು ಮಾಡಿ, ಮೊದಲು ಸ್ವಾಮಿಯ ಸಂಚಿಕೆಗಳು. ಹಿಂದಿಯಲ್ಲಿದ್ದರೂ ತೊಂದರೆಯಿಲ್ಲ, ಎಂಟನೇ ಕ್ಲಾಸಿನವಳಿಗೆ ಅರ್ಥವಾಗುತ್ತದೆ. ಅಜ್ಜಿಗೆ ಅವಳೇ ಅನುವಾದ ಮಾಡಿ ಹೇಳಲಿ. ಅಲ್ಲಿ ಹುಡುಗ ಸುಳ್ಳು ಹೇಳುತ್ತಾನೆ, ಸಿಕ್ಕಿಬೀಳುತ್ತಾನೆ, ಗೆಳೆಯರ ಜೊತೆ ಮುನಿಸಿಕೊಳ್ಳುತ್ತಾನೆ. ಯಾವ ಗುಡುಗಿನ ಸದ್ದೂ ಇಲ್ಲದೆ ಇದೆಲ್ಲ ನಡೆಯುತ್ತದೆ, ಸಂಚಿಕೆಯೂ ಚಿಕ್ಕದು. ಒಂದು ವಾರದಲ್ಲಿ "ಬೋರು" ಅಂದರೆ ಒತ್ತಾಯ ಬೇಡ. ಭಾಗ್ಯನ ಅತ್ತೆ ಇವತ್ತು ಮಗನಿಗೆ ಏನಂದಳು ಅಂತ ಕೇಳಿ, ಮಾತು ಅಲ್ಲಿಂದಲೂ ಮುಂದುವರಿಸಬಹುದು.